ಹೊಳೆಯನ್ನು ತೊಳೆಯುವ ಹಾವಸೆ

ಯಾದಗಿರಿಗೆ ಬಂದವರು ಬೆಟ್ಟದ ಮೇಲಿನ ಕೋಟೆ ನೋಡುತ್ತಾರೆ. ಸಂಕ್ರಾಂತಿಗೆ ಬಂದವರು ಮೈಲಾಪುರಕ್ಕೆ ಹೋಗಿ ಮಲ್ಲಯ್ಯನ ಜಾತ್ರೆಯಲ್ಲಿ ಭಂಡಾರದಲ್ಲಿ ಮುಳುಗಿ ಬರುತ್ತಾರೆ. ಶಹಾಪುರಕ್ಕೆ ಹೋದವರು ಬುದ್ಧ ಮಲಗಿದಂತೆ ಕಾಣುವ ಗುಡ್ಡಗಳ ಸಾಲಿಗೆ ಎದುರು ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಸುರಪುರದಲ್ಲಿ ಟೇಲರ್ ಮಂಜಿಲ್ ಇದೆ. ಮುದನಾಳವನ್ನು ನೋಡಬೇಕೆಂದು ಮಾತ್ರ ಯಾರೂ ಬಂದದ್ದು ನಾನು ಕೇಳಿಲ್ಲ. ಅದು ನಮ್ಮ ಕಡೆಯ ಎಲ್ಲ ಹಳ್ಳಿಗಳಂತೆ ಒಂದು ಹಳ್ಳಿ. ಜೋಳ, ತೊಗರಿ, ಹತ್ತಿ, ನೀರಿದ್ದಲ್ಲಿ ಭತ್ತ. ಮಧ್ಯಾಹ್ನ ಹನ್ನೆರಡಕ್ಕೆ ನಾಯಿಯೂ ನೆರಳು ಬಿಟ್ಟು ಕದಲದಂಥ ಬಿಸಿಲು.

ಆದರೂ ಈ ವಾರ ನಿಮ್ಮನ್ನು ಮುದನಾಳಕ್ಕೇ ಕರೆದುಕೊಂಡು ಹೋಗುತ್ತೇನೆ. ಅಲ್ಲಿಂದ ಭೀಮಾ ಹೊಳೆಗೆ, ಆಮೇಲೆ ಶಹಾಪುರ, ಸುರಪುರದ ಕಾಲುವೆಗಳಿಗೆ. ನೋಡಬೇಕಾದದ್ದು ದೊಡ್ಡ ವಸ್ತುವೇನೂ ಅಲ್ಲ. ನೀರು ಮುಟ್ಟಿದ ಕಲ್ಲಿನ ಮೇಲೆ ಹಸಿರಾಗಿ, ಕಂದಾಗಿ ಕಟ್ಟುವ ಲೋಳೆ. ಪುಸ್ತಕದಲ್ಲಿ ಪಾಚಿ ಎನ್ನುತ್ತಾರೆ. ಹಳಗನ್ನಡದ ಕಾಲದಿಂದ ಬಂದ ಹೆಸರು ಹಾವಸೆ. ನಮ್ಮ ಮಂದಿ ಬಾಯಲ್ಲಿ ಅದು ಹಾವಸಿ. "ಹಾವಸಿ ಕಟ್ಟೇದ, ಸಾವಕಾಶ ಇಳಿಯೋ ತಮ್ಮಾ" ಎಂಬ ಮಾತನ್ನು ಕೇಳದೆ ಬೆಳೆದ ಮಗು ನಮ್ಮ ಕಡೆ ಇರಲಿಕ್ಕಿಲ್ಲ.

ಬಾವಿಯ ಪಾವಟಿಗೆ

ನಲವತ್ತು ವರ್ಷಗಳ ಹಿಂದೆ ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಈ ಹಳ್ಳಿಗಳ ರೈತರು ಬಾವಿ ಸಾಲ, ಎಣ್ಣೆ ಇಂಜಿನ್ ಸಾಲ ಎಂದು ಬರುತ್ತಿದ್ದರು. ಸಾಲ ಕೊಡುವ ಮುಂಚೆ ಬಾವಿ ನೋಡಬೇಕು. ಸಾಹೇಬರ ಜೊತೆ ಕಾಗದದ ಕಟ್ಟು ಹಿಡಿದು ನಾನೂ ಹೋಗುತ್ತಿದ್ದೆ. ಪಾವಟಿಗೆ ಇಳಿದು ನೀರು ಎಷ್ಟು ಮೊಳವಿದೆ ಎಂದು ನೋಡುವಾಗ ರೈತ ಮೊದಲು ಹೇಳುತ್ತಿದ್ದ ಮಾತು "ಕೊನೇ ಮೂರು ಪಾವಟಿಗಿ ಬ್ಯಾಡ್ರೀ, ಜಾರತಾವ" ಎಂದೇ. ಆ ಕೊನೆಯ ಮೂರು ಮೆಟ್ಟಿಲು ಪ್ರತಿ ಬಾವಿಯಲ್ಲೂ ಒಂದೇ ಬಣ್ಣ. ನೀರಿನ ಗೆರೆಯಿಂದ ಮೇಲಕ್ಕೆ ಒಣಗಿ ಕಪ್ಪಗೆ ಸಿಪ್ಪೆ ಎದ್ದಿರುತ್ತಿತ್ತು. ಗೆರೆಯ ಕೆಳಗೆ ಎಣ್ಣೆ ಸವರಿದಂತೆ ಹಸಿರು ಹೊಳಪು.

ಈಗ ಬಾವಿಗಳು ಬಹಳ ಕಡೆ ಹೂತು ಹೋಗಿವೆ, ಬೋರ್ ಬಂದಿದೆ. ಆದರೆ ಹಾವಸೆ ಎಲ್ಲೂ ಹೋಗಿಲ್ಲ. ಹೋದ ವರ್ಷ ಮುದನಾಳದಲ್ಲಿ ಬೋರಿನ ಪಕ್ಕದ ದನದ ತೊಟ್ಟಿಯ ಅಂಚಿನಲ್ಲಿ ನನ್ನ ಮೊಮ್ಮಗಳು ಬೆರಳಾಡಿಸಿ "ಅಜ್ಜಾ, ಇದು ಯಾರು ಹಚ್ಚಿದ ಬಣ್ಣ?" ಎಂದು ಕೇಳಿದಳು. ಬಿಕಾಂ ಓದಿದವನಿಗೆ ಉತ್ತರ ಗೊತ್ತಿರಲು ಕಾರಣವಿಲ್ಲ. ಬೆರಳಿಗೆ ಅಂಟಿದ್ದನ್ನು ಒಂದು ಔಷಧಿ ಶೀಶೆಯಲ್ಲಿ ನೀರಿನ ಸಮೇತ ಹಾಕಿಕೊಂಡು, ಪರಿಚಯದ ವಿಜ್ಞಾನದ ಮೇಷ್ಟ್ರ ಹತ್ತಿರ ಹೋದೆವು. ಶಾಲೆಯ ಸೂಕ್ಷ್ಮದರ್ಶಕದ ಕೆಳಗೆ ಒಂದು ಹನಿ ಇಟ್ಟು ಅವರು ನಮ್ಮನ್ನು ಕೂರಿಸಿದರು. ಅಲ್ಲಿ ಕಂಡದ್ದು ಒಂದು ಪೇಟೆ.

ಒಂದು ಹನಿಯ ಪೇಟೆ

ಹಸಿರು ದಾರಗಳು. ದಾರದೊಳಗೆ ಸ್ಪ್ರಿಂಗಿನಂತೆ ಸುತ್ತಿದ ಹಸಿರು ಪಟ್ಟಿ. ಇದು ಸ್ಪೈರೊಗೈರಾ ಎಂಬ ಪಾಚಿ ಎಂದರು ಮೇಷ್ಟ್ರು. ಅದರ ನಡುವೆ ದೋಣಿಯಂತೆ, ಭತ್ತದ ಕಾಳಿನಂತೆ, ಕೋಲಿನಂತೆ ಕಂದುಬಣ್ಣದ ಪುಟ್ಟ ಪೆಟ್ಟಿಗೆಗಳು. ಕೆಲವು ಮೆಲ್ಲಗೆ ಜಾರುತ್ತ ಚಲಿಸುತ್ತಿದ್ದವು. ಇವು ಡಯಾಟಂಗಳು. ಇವುಗಳ ಮೈಕವಚ ಮರಳಿನಲ್ಲಿರುವ ಸಿಲಿಕಾದಿಂದ ಆದದ್ದು, ಅಂದರೆ ಗಾಜಿನ ಜಾತಿಯದು. ಡಬ್ಬಿ ಮತ್ತು ಮುಚ್ಚಳದಂತೆ ಎರಡು ಭಾಗ, ಮೇಲೆ ಸಾಲು ಸಾಲು ಕುಸುರಿ. ಇನ್ನೂ ಸಣ್ಣಗೆ ನೀಲಿ ಹಸಿರಿನ ಮಣಿಸರಗಳು. ಇವನ್ನು ನೀಲಿಹಸಿರು ಪಾಚಿ ಎಂದು ಕರೆದರೂ ಇವು ಬ್ಯಾಕ್ಟೀರಿಯಾ ಕುಲದವು, ಸಯನೊಬ್ಯಾಕ್ಟೀರಿಯಾ. ಎಲ್ಲಕ್ಕಿಂತ ಸಣ್ಣವು, ಚುಕ್ಕೆಗಳಂತೆ ಕಂಡೂ ಕಾಣದಂತಿದ್ದವು, ಬಣ್ಣವಿಲ್ಲದ ಬ್ಯಾಕ್ಟೀರಿಯಾಗಳು.

ಮಕ್ಕಳೇ, ಇಂಥ ಜೀವಿಗಳನ್ನು ಮೊದಮೊದಲು ಕಂಡವನೂ ಒಬ್ಬ ವ್ಯಾಪಾರಿ ಎಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಹಾಲೆಂಡಿನ ಡೆಲ್ಫ್ಟ್ ಊರಿನ ಆಂಟನಿ ವಾನ್ ಲೇವೆನ್‌ಹುಕ್ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದವನು. ತಾನೇ ಉಜ್ಜಿ ಮಾಡಿದ ಮಸೂರದಿಂದ 1674ರಲ್ಲಿ ಹತ್ತಿರದ ಕೆರೆಯ ನೀರನ್ನು ನೋಡಿ, ಹಾವಿನಂತೆ ಸುತ್ತಿದ ಹಸಿರು ಪಟ್ಟಿಗಳ ವಿಷಯ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಅದು ಸ್ಪೈರೊಗೈರಾ ಇರಬೇಕೆಂದು ಈಗಿನವರ ಅಭಿಪ್ರಾಯ. 1683ರಲ್ಲಿ ತನ್ನ ಹಲ್ಲಿನ ಸಂದಿಯ ಬಿಳಿ ಲೋಳೆಯನ್ನು ಕೆರೆದು ನೋಡಿ, ಅದರಲ್ಲಿ ಓಡಾಡುವ ಜೀವಿಗಳನ್ನು ಕಂಡ. ಬೆಳಿಗ್ಗೆ ಹಲ್ಲುಜ್ಜುವ ಮೊದಲು ನಾಲಿಗೆಯಿಂದ ಹಲ್ಲು ಸವರಿ ನೋಡಿ. ನುಣ್ಣಗೆ ಜಾರುವುದು ಏನು ಗೊತ್ತೆ? ಅದೂ ಹಾವಸೆಯ ಸೋದರ ಸಂಬಂಧಿಯೇ!

ಇಂಥ ಲೋಳೆಗೆ ವಿಜ್ಞಾನಿಗಳು ಬಯೊಫಿಲ್ಮ್, ಅಂದರೆ ಜೀವಪೊರೆ ಎನ್ನುತ್ತಾರೆ. ಕೆನಡಾದ ಕಾಸ್ಟರ್ಟನ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ 1978ರಲ್ಲಿ ಬ್ಯಾಕ್ಟೀರಿಯಾಗಳು ಹೇಗೆ ಅಂಟಿಕೊಳ್ಳುತ್ತವೆ ಎಂದು ಬರೆದ ಮೇಲೆ ಈ ವಿಷಯ ಎಲ್ಲರ ಗಮನಕ್ಕೆ ಬಂತು. ಅದಕ್ಕೂ ಮೊದಲು ಬ್ಯಾಕ್ಟೀರಿಯಾ ಎಂದರೆ ನೀರಿನಲ್ಲಿ ಒಂಟಿಯಾಗಿ ತೇಲುವ ಜೀವಿ ಎಂದೇ ಹೆಚ್ಚಿನವರು ತಿಳಿದಿದ್ದರು. ಹರಿಯುವ ಹಳ್ಳ, ಹೊಳೆಗಳಲ್ಲಿ ಅವುಗಳ ಬಹುಪಾಲು ಸಂಸಾರ ಯಾವುದಾದರೊಂದು ಮೈಗೆ ಅಂಟಿಕೊಂಡೇ ಇರುತ್ತದೆ.

ಪೊರೆ ಕಟ್ಟುವ ಬಗೆ

ಒಂದು ತೊಳೆದ ಕಲ್ಲನ್ನು ಹೊಳೆಗೆ ಹಾಕಿದರೆ ಏನಾಗುತ್ತದೆ? ಮೊದಲು ನೀರಿನಲ್ಲಿ ಕರಗಿದ ಜೈವಿಕ ವಸ್ತುವಿನ ತೆಳುಲೇಪ ಕಲ್ಲಿಗೆ ಹತ್ತುತ್ತದೆ. ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾಗಳು ಬಂದು ಕೂರುತ್ತವೆ. ಕೂತವು ಒಂದು ಬಗೆಯ ಗೋಂದನ್ನು ಸ್ರವಿಸುತ್ತವೆ. ಈ ಗೋಂದೇ ನಮ್ಮ ಕಾಲು ಜಾರಿಸುವ ಲೋಳೆ. ಅವುಗಳ ಪಾಲಿಗೆ ಅದು ಮನೆಯ ಗೋಡೆ, ಹೊದಿಕೆ, ಉಗ್ರಾಣ ಎಲ್ಲವೂ. ಹೊಳೆಯ ಸೆಳೆತ ಎಳೆಯದಂತೆ ಹಿಡಿಯುತ್ತದೆ, ನೀರು ಇಳಿದು ಕಲ್ಲು ಒಣಗಿದಾಗ ಕೆಲಕಾಲ ತೇವ ಉಳಿಸುತ್ತದೆ, ತೇಲಿ ಬರುವ ಕಸರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಲವು ದಿನಗಳಲ್ಲಿ ಡಯಾಟಂಗಳು ಬಂದು ನೆಲೆಸಿ ಕಲ್ಲು ಕಂದಾಗುತ್ತದೆ. ವಾರಗಳು ಕಳೆದಾಗ ಹಸಿರು ದಾರಗಳು ಎದ್ದು ನೀರಿನ ಜೊತೆ ಕೂದಲಿನಂತೆ ಆಡತೊಡಗುತ್ತವೆ.

ಈ ಪೇಟೆಯಲ್ಲಿ ಕೊಡುಕೊಳ್ಳುವಿಕೆ ನಡೆಯುತ್ತದೆ. ಪಾಚಿ ಬಿಸಿಲಿನಲ್ಲಿ ಆಹಾರ ತಯಾರಿಸಿ ಆಮ್ಲಜನಕ ಬಿಡುತ್ತದೆ. ಮಧ್ಯಾಹ್ನದ ಹೊತ್ತು ನಿಂತ ನೀರಿನ ಹಾವಸೆಯ ಮೇಲೆ ಮುತ್ತಿನಂಥ ಗುಳ್ಳೆಗಳು ಕೂತಿರುವುದನ್ನು ನೋಡಿದ್ದೀರಲ್ಲ, ಅದು ಇದೇ. ಬ್ಯಾಕ್ಟೀರಿಯಾಗಳು ಆ ಆಮ್ಲಜನಕವನ್ನು ಪಡೆದು ನೀರಿನಲ್ಲಿ ಬಂದ ಕೊಳೆತ ಎಲೆ, ಸಗಣಿ, ಬಚ್ಚಲು ನೀರಿನ ಅಂಶವನ್ನು ತಿಂದು ಕರಗಿಸುತ್ತವೆ. ತಿಂದು ಬಿಟ್ಟ ಇಂಗಾಲದ ಡೈಆಕ್ಸೈಡ್, ಸಾರಜನಕ, ರಂಜಕ ಪಾಚಿಗೆ ಗೊಬ್ಬರವಾಗುತ್ತದೆ. ಒಬ್ಬರ ಖರ್ಚು ಇನ್ನೊಬ್ಬರ ಜಮಾ. ಬ್ಯಾಂಕಿನ ಖಾತೆಯಲ್ಲಿ ಇಂಥ ಅಚ್ಚುಕಟ್ಟು ಲೆಕ್ಕವನ್ನು ನಾನು ಅಪರೂಪಕ್ಕೆ ನೋಡಿದ್ದೇನೆ.

ಹರಿಯುವ ನೀರು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ ಎಂದು ಹಿರಿಯರು ಹೇಳುವುದುಂಟು. ಮಾತು ನಿಜ, ಆದರೆ ಅದರಲ್ಲಿ ಒಂದು ಹೆಸರು ಬಿಟ್ಟುಹೋಗಿದೆ. ನೀರನ್ನು ಬಹುಮಟ್ಟಿಗೆ ತೊಳೆಯುವುದು ಕಲ್ಲಿಗೂ ಮರಳಿಗೂ ಅಂಟಿದ ಈ ಪೊರೆ. ಇದನ್ನು ತಿಳಿಯಬೇಕಾದರೆ ಭೀಮೆಯ ಮರಳಿಗೆ ಬರಬೇಕು.

ಭೀಮೆಯ ಒರತಿ

ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ, 861 ಕಿಲೋಮೀಟರ್ ಹರಿದು, ರಾಯಚೂರಿನ ಹತ್ತಿರ ಕೃಷ್ಣೆಯನ್ನು ಸೇರುವ ಹೊಳೆ ಭೀಮಾ. ಯಾದಗಿರಿಯ ಮಗ್ಗುಲಲ್ಲೇ ಹಾದು ಹೋಗುತ್ತದೆ. ಮಳೆಗಾಲದಲ್ಲಿ ಕೆಂಪಾಗಿ ಉಕ್ಕುವ ಹೊಳೆ ಬೇಸಿಗೆಗೆ ಸೊರಗಿ ಅಲ್ಲಲ್ಲಿ ಮಡುವಾಗಿ ನಿಲ್ಲುತ್ತದೆ. ಬ್ಯಾರೇಜುಗಳು ಬರುವ ಮುಂಚೆ ಹೊಳೆದಂಡೆಯ ಊರಿನ ಹೆಣ್ಣುಮಕ್ಕಳು ಕೊಡ ಹೊತ್ತು ಬಂದು ಮಡುವಿನ ನೀರನ್ನು ಮುಟ್ಟುತ್ತಿರಲಿಲ್ಲ. ಸ್ವಲ್ಪ ದೂರ ಸರಿದು ಮರಳಿನಲ್ಲಿ ಮೊಳದುದ್ದ ತೋಡಿ ಒರತಿ ಮಾಡುತ್ತಿದ್ದರು. ಮೊದಲು ಬಂದ ಕಲಕು ನೀರನ್ನು ಪರಟೆಯಿಂದ ಎತ್ತಿ ಚೆಲ್ಲಿ, ಕೂತು ಮಾತಾಡಿ, ತಿಳಿ ಬಂದ ಮೇಲೆ ಬಟ್ಟಲಿನಿಂದ ಕೊಡಕ್ಕೆ ತುಂಬುತ್ತಿದ್ದರು. ಆ ನೀರಿನ ರುಚಿ ಉಂಡವರಿಗೇ ಗೊತ್ತು. ಬೇಸಿಗೆಯಲ್ಲಿ ಹಳ್ಳಿಗೆ ಹೋದಾಗ ರೈತರ ಮನೆಯಲ್ಲಿ "ಒರತಿ ನೀರು ಕುಡೀರಿ ಸಾಹೇಬ್ರ" ಎಂದು ತಂಬಿಗೆ ಕೊಟ್ಟರೆ ಅದು ಮರ್ಯಾದೆಯ ಉಪಚಾರ.

ಮಡುವಿನ ನೀರು ಮಂಕು, ಮಾರು ದೂರದ ಒರತಿ ನೀರು ತಿಳಿ. ಮಧ್ಯೆ ಇದ್ದದ್ದು ಮರಳು ಮಾತ್ರ. ಮರಳು ಜರಡಿಯಂತೆ ಕಸ ತಡೆಯುತ್ತದೆ ಎಂದು ನಾವು ತಿಳಿದಿದ್ದೆವು. ಆದರೆ ರೋಗ ತರುವ ಬ್ಯಾಕ್ಟೀರಿಯಾ ಮರಳಿನ ಸಂದಿಗಿಂತ ಎಷ್ಟೋ ಪಾಲು ಸಣ್ಣದು. ಜರಡಿ ಒಂದೇ ಆಗಿದ್ದರೆ ಅದು ಸಲೀಸಾಗಿ ನುಸುಳಿ ಬರುತ್ತಿತ್ತು. ಅದನ್ನು ತಡೆಯುವುದು ಪ್ರತಿ ಕಾಳನ್ನೂ ಸುತ್ತಿದ ಅಂಟು ಪೊರೆ. ಹಾದು ಹೋಗುವ ಬ್ಯಾಕ್ಟೀರಿಯಾ ಅಲ್ಲಿ ಅಂಟಿಕೊಳ್ಳುತ್ತದೆ. ಪೊರೆಯಲ್ಲಿ ವಾಸಿಸುವ ಏಕಕೋಶ ಜೀವಿಗಳು ಅದನ್ನು ತಿಂದು ಹಾಕುತ್ತವೆ. ಮರಳಿನ ಮೇಲ್ಪದರದಲ್ಲಿ ಬಿಸಿಲು ಇರುವುದರಿಂದ ಪಾಚಿಯೂ ಇರುತ್ತದೆ. ಕೆಳಗೆ ಕತ್ತಲಲ್ಲಿ ಬ್ಯಾಕ್ಟೀರಿಯಾ ಮತ್ತು ಅವುಗಳ ಬೇಟೆಗಾರರದ್ದೇ ರಾಜ್ಯ.

ಎಲ್ಬೆ ನದಿಯ ಎರಡು ಊರು

ಇದು ನನ್ನ ಕಲ್ಪನೆಯಲ್ಲ. ಜರ್ಮನಿಯಲ್ಲಿ ಒಮ್ಮೆ ಸಾವಿರಾರು ಜೀವದ ಬೆಲೆ ಕೊಟ್ಟು ಕಲಿತ ಪಾಠ. ಎಲ್ಬೆ ನದಿಯ ದಂಡೆಯಲ್ಲಿ ಹ್ಯಾಂಬರ್ಗ್ ಮತ್ತು ಆಲ್ಟೋನಾ ಎಂಬ ಎರಡು ಊರು ಒಂದಕ್ಕೊಂದು ಅಂಟಿಕೊಂಡಿದ್ದವು. ಹ್ಯಾಂಬರ್ಗ್ ಶ್ರೀಮಂತ ಬಂದರು. ನದಿಯ ನೀರನ್ನು ಸೋಸದೆಯೇ ಕೊಳವೆಗೆ ಬಿಡುತ್ತಿತ್ತು. ಆಲ್ಟೋನಾ ಕೆಳಗಿತ್ತು, ಹ್ಯಾಂಬರ್ಗಿನ ಹೊಲಸೆಲ್ಲ ಸೇರಿದ ನೀರೇ ಅದರ ಪಾಲಿಗೆ. ಆದರೆ ಅದು ಆ ನೀರನ್ನು ಮರಳಿನ ಹಾಸಿನ ಮೂಲಕ ನಿಧಾನವಾಗಿ ಇಳಿಸಿ ಹಂಚುತ್ತಿತ್ತು.

1892ರಲ್ಲಿ ಕಾಲರಾ ಬಂತು. ಹ್ಯಾಂಬರ್ಗಿನಲ್ಲಿ ಕೆಲವೇ ವಾರಗಳಲ್ಲಿ ಸುಮಾರು 8,600 ಜನ ಸತ್ತರು. ಹೆಚ್ಚು ಹೊಲಸು ನೀರು ಎತ್ತುತ್ತಿದ್ದ ಆಲ್ಟೋನಾ ಬಹುಮಟ್ಟಿಗೆ ಉಳಿಯಿತು. ಎರಡೂ ಊರಿನ ಗಡಿಯ ಬೀದಿಯಲ್ಲಿ ಹ್ಯಾಂಬರ್ಗಿನ ನೀರು ಕುಡಿಯುವ ಬದಿಯಲ್ಲಿ ರೋಗ, ಆಲ್ಟೋನಾದ ನೀರು ಕುಡಿಯುವ ಬದಿಯಲ್ಲಿ ಇಲ್ಲ. ಗಾಳಿ ಒಂದೇ, ಬೀದಿ ಒಂದೇ, ನದಿಯೂ ಒಂದೇ. ಬೇರೆ ಇದ್ದದ್ದು ಮರಳಿನ ಹಾಸು. ಇದನ್ನು ಪರೀಕ್ಷಿಸಿದವರು ರಾಬರ್ಟ್ ಕಾಖ್. ಎಂಟು ವರ್ಷ ಮುಂಚೆ, 1884ರಲ್ಲಿ, ನಮ್ಮ ಕೋಲ್ಕತ್ತಾಕ್ಕೆ ಬಂದು ಅಲ್ಲಿನ ಒಂದು ಕೆರೆಯ ನೀರಿನಲ್ಲೂ ಕಾಲರಾ ಬ್ಯಾಕ್ಟೀರಿಯಾವನ್ನು ಕಂಡವರು ಅವರೇ. ಮುಂದೆ ಚಳಿಗಾಲದಲ್ಲಿ ಆಲ್ಟೋನಾದ ಒಂದು ಮರಳು ಹಾಸು ಹಿಮಗಟ್ಟಿ ಕೆಲಸ ಕೆಟ್ಟಾಗ ಅಲ್ಲೂ ಕಾಲರಾ ತಲೆ ಹಾಕಿತು. ಹೊಸ ಮರಳು ಸರಿಯಾಗಿ ಸೋಸುವುದಿಲ್ಲ, ಅದರ ಮೇಲೆ ಲೋಳೆ ಕಟ್ಟಿದ ಮೇಲೆಯೇ ನೀರು ಶುದ್ಧವಾಗಿ ಇಳಿಯುತ್ತದೆ ಎಂಬುದು ಖಚಿತವಾಯಿತು. ಆ ಲೋಳೆ ಪದರಕ್ಕೆ ಜರ್ಮನ್ನರು ಇಟ್ಟ ಹೆಸರು ಶ್ಮುಟ್ಸ್‌ಡೆಕ್ಕೆ. ಕೊಳೆಯ ಹೊದಿಕೆ ಎಂದು ಅರ್ಥ. ಊರನ್ನು ಉಳಿಸಿದ ವಸ್ತುವಿಗೆ ಕೊಳೆ ಎಂದೇ ಹೆಸರು ಉಳಿಯಿತು, ನೋಡಿ. 1893ರಲ್ಲಿ ಹ್ಯಾಂಬರ್ಗ್ ಕೂಡ ಮರಳು ಹಾಸು ಕಟ್ಟಿಕೊಂಡಿತು.

ಭೀಮೆಯ ದಂಡೆಯ ನಮ್ಮ ತಾಯಂದಿರು ಕಾಖ್ ಹೆಸರು ಕೇಳಿದವರಲ್ಲ. ಆದರೆ ಅವರು ಪ್ರತಿ ಬೇಸಿಗೆ ತೋಡುತ್ತಿದ್ದ ಒರತಿ ಆಲ್ಟೋನಾದ ಹಾಸಿನ ಪುಟ್ಟ ತಂಗಿ.

ಶಹಾಪುರದ ಭತ್ತ, ಬೋನಾಳದ ಕೆರೆ

ಈಗ ಕೃಷ್ಣೆಯ ಕಡೆ ಹೋಗೋಣ. ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಭೂಮಿಗೆ ನೀರು ಕೊಟ್ಟ ಮೇಲೆ ನಾವು ಕಂಡಂತೆಯೇ ಸಜ್ಜೆ, ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ನಾಟಿ ಮುಗಿದ ಗದ್ದೆಯ ನಿಂತ ನೀರಿನಲ್ಲಿ ಬಾಗಿ ನೋಡಿ. ಮಣ್ಣಿನ ಮೇಲೆ, ಭತ್ತದ ದಂಟಿನ ಬುಡದಲ್ಲಿ ನೀಲಿಹಸಿರು ಲೋಳೆ ಕಟ್ಟಿರುತ್ತದೆ. ರೈತ ಅದನ್ನು ಕಸ ಎನ್ನಬಹುದು. ಅದರಲ್ಲಿ ಕೆಲವು ಜಾತಿಯವು ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರ ಮಾಡುತ್ತವೆ. ಇದನ್ನು 1939ರಲ್ಲಿ ತೋರಿಸಿಕೊಟ್ಟವರು ಪಿ.ಕೆ. ಡೇ ಎಂಬ ಭಾರತೀಯ ವಿಜ್ಞಾನಿ. ಗೊಬ್ಬರ ಹಾಕದೆಯೂ ಭತ್ತದ ಗದ್ದೆಗಳು ತಲೆತಲಾಂತರದಿಂದ ಬೆಳೆ ಕೊಡುತ್ತಿದ್ದುದರ ಗುಟ್ಟು ಅವರಿಂದ ಬಯಲಾಯಿತು. ಯೂರಿಯಾ ಅತಿಯಾಗಿ ಸುರಿದರೆ ಈ ಜೀವಿಗಳು ತಮ್ಮ ಕೆಲಸ ನಿಲ್ಲಿಸುತ್ತವೆ. ಬಿಟ್ಟಿ ಸಿಗುವಾಗ ದುಡಿಯುವವರು ಯಾರು?

ಸುರಪುರದ ಹತ್ತಿರ ಬೋನಾಳದ ಕೆರೆ ಇದೆ. ಮೆಡೋಸ್ ಟೇಲರ್ ಸುರಪುರದಲ್ಲಿದ್ದ ಕಾಲದಲ್ಲಿ ಹಿರಿದಾದ ಕೆರೆ, ಇಂದು ಪಕ್ಷಿಧಾಮ. ಚಳಿಗಾಲದಲ್ಲಿ ದೂರದೂರದ ಹಕ್ಕಿಗಳು ಬರುತ್ತವೆ. ಬಾತುಗಳು ನೀರಿನಲ್ಲಿ ತಲೆ ಮುಳುಗಿಸಿ ಏನು ಹುಡುಕುತ್ತವೆ? ಹುಳು, ಬಸವನಹುಳು, ಬೇರು, ಬೀಜ. ಬಸವನಹುಳು ತಿನ್ನುವುದೇನು? ಅರದಂಥ ನಾಲಿಗೆಯಿಂದ ಹಾವಸೆಯನ್ನು ಕೆರೆದು ತಿನ್ನುತ್ತದೆ. ಗೊದಮೊಟ್ಟೆಗಳು ಕಲ್ಲಿಗೆ ಬಾಯಿ ಹಚ್ಚಿ ನಿಂತಿರುವುದನ್ನು ನೀವೆಲ್ಲ ನೋಡಿದ್ದೀರಿ. ಅವುಗಳ ಊಟವೂ ಇದೇ. ಕಲ್ಲುಹೊಳೆಗಳಲ್ಲಿ ಗಾರಾ ಎಂಬ ಜಾತಿಯ ಸಣ್ಣ ಮೀನು ಇದೆ. ಬಾಯಿಯ ಕೆಳಗೆ ಒಂದು ಅಂಟುತಟ್ಟೆ ಇರುತ್ತದೆ. ಸೆಳೆತದಲ್ಲೂ ಕಲ್ಲಿಗೆ ಕಚ್ಚಿಕೊಂಡು ಹಾವಸೆ ಮೇಯುತ್ತದೆ. ಹೀಗೆ ಹಕ್ಕಿ, ಮೀನು, ಕಪ್ಪೆ ಎಂದು ನಾವು ನೋಡಿ ಸಂತೋಷಪಡುವ ಬಹಳಷ್ಟಕ್ಕೆ ಕೆಳಗಿನ ಪಾವಟಿಗೆ ಈ ಲೋಳೆ.

ಇದನ್ನು ಲಾಭಕ್ಕೆ ತಿರುಗಿಸಿದವರೂ ನಮ್ಮ ರಾಜ್ಯದಲ್ಲಿದ್ದಾರೆ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು 1990ರ ದಶಕದಲ್ಲಿ ಮೀನಿನ ಹೊಂಡಗಳಲ್ಲಿ ಕಬ್ಬಿನ ಸಿಪ್ಪೆ, ಭತ್ತದ ಹುಲ್ಲಿನಂಥ ಬಿಟ್ಟಿ ವಸ್ತುಗಳನ್ನು ಇಳಿಬಿಟ್ಟು ನೋಡಿದರು. ಅವುಗಳ ಮೇಲೆ ಪೊರೆ ಕಟ್ಟಿತು. ರೋಹು, ಸಾಮಾನ್ಯ ಗೆಂಡೆಯಂಥ ಮೀನುಗಳು ಅದನ್ನು ಮೇಯ್ದು, ಹಾಗೆ ಮಾಡದ ಹೊಂಡಗಳ ಮೀನಿಗಿಂತ ಚೆನ್ನಾಗಿ ಬೆಳೆದವು. ಆಹಾರ ಕೊಳ್ಳಲು ದುಡ್ಡಿಲ್ಲದ ಸಣ್ಣ ರೈತನಿಗೆ ಇದೊಂದು ದಾರಿ.

ಡಯಾಟಂಗಳನ್ನು ಕುಳಿತು ಎಣಿಸಿದವರೂ ಇದ್ದರು. 1950ರ ದಶಕದ ಕೊನೆಯಲ್ಲಿ ಎಚ್.ಪಿ. ಗಾಂಧಿ ಎಂಬ ವಿಜ್ಞಾನಿ ಸಾಗರ, ಜೋಗದ ಸುತ್ತಿನ ಸಿಹಿನೀರಿನ ಡಯಾಟಂಗಳನ್ನು ಹೆಕ್ಕಿ, ಚಿತ್ರ ಬರೆದು ಪಟ್ಟಿ ಮಾಡಿದರು. ಯಾವ ಜಾತಿ ಶುದ್ಧ ನೀರಿನಲ್ಲಿ, ಯಾವುದು ಹೊಲಸು ನೀರಿನಲ್ಲಿ ಬೆಳೆಯುತ್ತದೆ ಎಂದು ತಿಳಿದರೆ ಒಂದು ಕಲ್ಲನ್ನು ಕೆರೆದು ಹೊಳೆಯ ಆರೋಗ್ಯ ಹೇಳಬಹುದು. ನಾಡಿ ಹಿಡಿದು ಜ್ವರ ಹೇಳಿದ ಹಾಗೆ. ಡಯಾಟಂಗಳ ಉಪಕಾರ ಅಷ್ಟಕ್ಕೇ ಮುಗಿಯುವುದಿಲ್ಲ. ಕಡಲಿನವೂ ಸೇರಿ ಭೂಮಿಯ ಮೇಲೆ ತಯಾರಾಗುವ ಆಮ್ಲಜನಕದ ಸುಮಾರು ಐದನೆಯ ಒಂದು ಪಾಲು ಇವುಗಳದ್ದು ಎಂದು ಅಂದಾಜು.

ಕಲ್ಲಾದ ಹಾವಸೆ

ಹಾವಸೆ ಎಷ್ಟು ಹಳೆಯದು? ಬಾಗಲಕೋಟೆ ಜಿಲ್ಲೆಯ ಕಲಾದಗಿ ಶಿಲಾಸ್ತರಗಳಲ್ಲಿ ಕೋಸುಗಡ್ಡೆಯನ್ನು ಸೀಳಿದಂತೆ ಪದರ ಪದರವಾದ ಗುಮ್ಮಟಗಳಿರುವ ಕಲ್ಲು ಸಿಗುತ್ತದೆ. ಇದನ್ನು ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರೆ. ನೂರು ಕೋಟಿ ವರ್ಷಗಳಿಗೂ ಹಿಂದೆ ಅಲ್ಲಿದ್ದ ತೆಳುಕಡಲಿನ ತಳದಲ್ಲಿ ಸೂಕ್ಷ್ಮಜೀವಿಗಳ ಪೊರೆ ಕೆಸರನ್ನು ಹಿಡಿದು, ಅದರ ಮೇಲೆ ಮತ್ತೆ ಪೊರೆ, ಮತ್ತೆ ಕೆಸರು ಎಂದು ಕಟ್ಟುತ್ತ ಹೋದ ಗುರುತು. ಗಿಡವಿರಲಿಲ್ಲ, ಹುಲ್ಲಿರಲಿಲ್ಲ, ಮೀನೂ ಇರಲಿಲ್ಲ. ಅಂಥ ಕಾಲಕ್ಕೂ ಬಹಳ ಹಿಂದೆ, ಸುಮಾರು 240 ಕೋಟಿ ವರ್ಷಗಳ ಕೆಳಗೆ, ಭೂಮಿಯ ಗಾಳಿಗೆ ಆಮ್ಲಜನಕ ತುಂಬತೊಡಗಿದ್ದು ನೀಲಿಹಸಿರು ಪಾಚಿಯ ವಂಶದವರಿಂದ. ದನದ ತೊಟ್ಟಿಯ ಅಂಚಿಗೆ ಅಂಟಿರುವವರು ಅಂಥ ಮನೆತನದವರು.

ಎಚ್ಚರಿಕೆಯ ಮಾತು

ಇಷ್ಟು ಹೊಗಳಿದೆನೆಂದು ಕೆರೆಯ ನೀರನ್ನು ಹಾಗೇ ಕುಡಿಯಬೇಡಿ. ಗೊಬ್ಬರ, ಸಾಬೂನು, ಚರಂಡಿ ಸೇರಿ ನಿಂತ ನೀರಿನಲ್ಲಿ ನೀಲಿಹಸಿರು ಪಾಚಿ ಬಣ್ಣ ಚೆಲ್ಲಿದಂತೆ ಮೇಲೆ ತೇಲಿದರೆ ಅದು ವಿಷವಾಗಬಹುದು. ಆಸ್ಟ್ರೇಲಿಯಾದಲ್ಲಿ ಅಂಥ ನೀರು ಕುಡಿದು ಜಾನುವಾರು ಸತ್ತದ್ದನ್ನು 1878ರಷ್ಟು ಹಿಂದೆಯೇ ದಾಖಲಿಸಿದ್ದಾರೆ. ದನಗಳನ್ನು ಅಲ್ಲಿಗೆ ಬಿಡಬಾರದು.

ಪಾವಟಿಗೆ ಬಾವಿಗಳೂ ಒಂದು ಕಾಲದಲ್ಲಿ ನಮ್ಮ ಕಡೆ ನಾರುಹುಣ್ಣು ಹರಡಿದವು. ಹುಣ್ಣಿದ್ದವರು ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟರೆ ಹುಳುವಿನ ಮರಿಗಳು ನೀರು ಸೇರುತ್ತಿದ್ದವು. ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಕಣ್ಣಿಗೆ ಕಂಡೂ ಕಾಣದ ಜೀವಿ ಅವನ್ನು ನುಂಗುತ್ತಿತ್ತು, ಆ ನೀರನ್ನು ನಾವು ಕುಡಿಯುತ್ತಿದ್ದೆವು. ಕಾಲಿನಿಂದ ದಾರದಂಥ ಹುಳು ಹೊರಬರುವುದನ್ನು ಕಂಡ ನನ್ನ ವಯಸ್ಸಿನವರು ಮರೆತಿರಲಾರರು. ನೀರನ್ನು ಬಟ್ಟೆಯಲ್ಲಿ ಸೋಸುವುದು, ಮೆಟ್ಟಿಲು ಮುಚ್ಚಿ ಸೇದುವ ಬಾವಿ ಮಾಡುವುದು, ಇಂಥ ಕ್ರಮಗಳಿಂದ ಆ ರೋಗ ಹೋಯಿತು. ದೇಶದ ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ಎಂದು ಘೋಷಣೆಯಾಯಿತು. ಹೊಳೆಯ ಹಾವಸೆ ತನ್ನ ಕೆಲಸ ಮಾಡುತ್ತದೆ. ನಮ್ಮ ಕೆಲಸವನ್ನು ನಾವೇ ಮಾಡಬೇಕು. ಕುಡಿಯುವ ನೀರನ್ನು ಸೋಸಿ, ಕಾಯಿಸಿಯೇ ಕುಡಿಯಬೇಕು.

ಒಂದು ಲಾರಿಯ ಲೆಕ್ಕ

ಗುಮಾಸ್ತನ ಅಭ್ಯಾಸ, ಲೆಕ್ಕ ಹಾಕದೆ ಇರಲಾರೆ. ಒಂದು ಮಿಲಿಮೀಟರ್ ದಪ್ಪದ ಮರಳಿನ ಕಾಳುಗಳನ್ನು ಒಂದು ಘನ ಮೀಟರಿನಷ್ಟು ತೆಗೆದುಕೊಳ್ಳಿ. ನಡುವಿನ ಸಂದಿಗೆ ಶೇಕಡಾ ನಲವತ್ತು ಬಿಡಿ. ಉಳಿದ ಕಾಳುಗಳ ಮೈಯನ್ನೆಲ್ಲ ಸುಲಿದು ನೆಲದ ಮೇಲೆ ಹಾಸಿದರೆ 3,600 ಚದರ ಮೀಟರ್ ಬರುತ್ತದೆ. ಒಂದು ಎಕರೆಗೆ ತುಸು ಕಡಿಮೆ. ನುಣುಪು ಮರಳಾದರೆ ಇದರ ಮೂರು ಪಾಲು. ಒಂದು ಲಾರಿಗೆ ಹತ್ತು ಘನ ಮೀಟರ್ ಎಂದು ಹಿಡಿದರೂ ಸುಮಾರು ಒಂಬತ್ತು ಎಕರೆ. ಹೊಳೆಯ ನೀರು ಮುಟ್ಟುವ ಮರಳಾದರೆ ಈ ಒಂಬತ್ತು ಎಕರೆ ಪೂರ್ತಿ ಜೀವಪೊರೆ ಕೂರುವ ಜಾಗ, ರಾತ್ರಿ ಹಗಲು ನೀರು ತೊಳೆಯುವ ಜಾಗ.

ಭೀಮೆಯ ದಂಡೆಯಲ್ಲಿ ರಾತ್ರಿ ಎಷ್ಟು ಲಾರಿ ಹೋಗುತ್ತವೆ ಎಂದು ದಂಡೆಯ ಊರುಗಳ ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ. ಮನೆ ಕಟ್ಟಲು ಮರಳು ಬೇಕು, ಅದು ನನಗೂ ಗೊತ್ತು. ನಾನೂ ಸಾಲ ಮಾಡಿಯೇ ಮನೆ ಕಟ್ಟಿಸಿದವನು. ಆದರೆ ಮರಳು ತೆಗೆದ ಕಡೆ ಜಿಗುಟು ಮಣ್ಣು, ಬರಿ ಬಂಡೆ ಏಳುತ್ತದೆ, ಅಲ್ಲಿ ಒರತಿ ತೋಡಲು ಆಗುವುದಿಲ್ಲ. ಹೊಳೆ ಹೊಸ ಮರಳು ತರಲು ಹಲವು ಮಳೆಗಾಲ ಬೇಕು, ಮೇಲೆ ಅಣೆಕಟ್ಟು ಇದ್ದರೆ ಅದೂ ಕಷ್ಟ. ಇತ್ತ ಊರು ಬೆಳೆದು ಹೊಳೆಗೆ ಸೇರುವ ಬಚ್ಚಲು ನೀರು ಹೆಚ್ಚುತ್ತಿದೆ. ತೊಳೆಯುವ ಕೆಲಸ ಹೆಚ್ಚಾಯಿತು, ತೊಳೆಯುವವರ ಮನೆ ಖಾಲಿಯಾಯಿತು. ಮುಂದೆ ಅದೇ ಕೆಲಸಕ್ಕೆ ನಾವು ಯಂತ್ರ ಕೊಂಡು, ಕರೆಂಟ್ ಬಿಲ್ಲು ಕಟ್ಟಿ, ಶುದ್ಧೀಕರಣ ಘಟಕ ಕಟ್ಟಬೇಕು. ಆ ಘಟಕಗಳಲ್ಲಿ ಎಷ್ಟೋ ಕಡೆ ಕೆಲಸ ಮಾಡುವುದೂ ಕಲ್ಲಿಗೋ ಪ್ಲಾಸ್ಟಿಕ್ ಬಿಲ್ಲೆಗೋ ಅಂಟಿದ ಇದೇ ಲೋಳೆ. ಬಿಟ್ಟಿ ದುಡಿಯುತ್ತಿದ್ದವರನ್ನು ಓಡಿಸಿ, ಅವರ ಬಂಧುಗಳನ್ನೇ ಸಂಬಳ ಕೊಟ್ಟು ಕರೆಸಿದಂತೆ.

ನೀವು ಮಾಡಿ ನೋಡಿ

ಮಕ್ಕಳೇ, ರಜೆಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ. ದೊಡ್ಡವರು ಜೊತೆಗಿರಲಿ, ಆಳವಾದ ನೀರಿಗೆ ಇಳಿಯಬೇಡಿ. ಶಹಾಬಾದ್ ಕಲ್ಲಿನ ಎರಡು ತುಂಡು ತೆಗೆದುಕೊಂಡು ಚೆನ್ನಾಗಿ ತೊಳೆಯಿರಿ. ಒಂದಕ್ಕೆ ದಾರ ಕಟ್ಟಿ ಬಿಸಿಲು ಬೀಳುವ ತೊಟ್ಟಿಯಲ್ಲಿ ಗೇಣುದ್ದ ಆಳಕ್ಕೆ ಇಳಿಬಿಡಿ. ಇನ್ನೊಂದನ್ನು ಅದೇ ನೀರು ತುಂಬಿದ, ಮುಚ್ಚಳವಿರುವ ಕೊಡದ ಕತ್ತಲೆಯಲ್ಲಿಡಿ. ಎರಡು ದಿನಕ್ಕೊಮ್ಮೆ ಬೆರಳಾಡಿಸಿ, ತಾರೀಖು ಹಾಕಿ ಬರೆದಿಡಿ. ಯಾವ ದಿನ ಮೊದಲು ಜಾರಿತು? ಯಾವ ದಿನ ಬಣ್ಣ ಬಂತು? ಕತ್ತಲೆಯ ಕಲ್ಲಿಗೆ ಲೋಳೆ ಬಂದರೂ ಹಸಿರು ಏಕೆ ಬರಲಿಲ್ಲ? ಎರಡು ವಾರ ಕಳೆದ ಮೇಲೆ ಬಿಸಿಲಿನ ಕಲ್ಲನ್ನು ಒಂದು ಗಾಜಿನ ಲೋಟದ ನೀರಿನಲ್ಲಿಟ್ಟು ಕಿಟಕಿಯ ಹತ್ತಿರ ಇಡಿ, ಗುಳ್ಳೆ ಏಳುವುದನ್ನು ಎಣಿಸಿ. ನಿಮ್ಮ ಶಾಲೆಯ ಸೂಕ್ಷ್ಮದರ್ಶಕದ ಬೀಗ ತೆಗೆಸಲು ಮೇಷ್ಟ್ರನ್ನು ಕಾಡಿ, ಕಾಡಿದರೆ ತೆಗೆಯುತ್ತಾರೆ. ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

ಮೆಟ್ಟಿಲ ಮೇಲಿನ ಹಾವಸೆಯನ್ನು ಉಜ್ಜಿ ತೆಗೆಯಲೇಬೇಕು, ಇಲ್ಲದಿದ್ದರೆ ನನ್ನಂಥ ಮುದುಕರ ಸೊಂಟ ಉಳಿಯುವುದಿಲ್ಲ. ಕುಡಿಯುವ ನೀರಿನ ಟ್ಯಾಂಕನ್ನೂ ತಿಂಗಳಿಗೊಮ್ಮೆ ತೊಳೆಯಿರಿ. ಹಳ್ಳದ ಕಲ್ಲು, ಹೊಳೆಯ ಮರಳು ಮಾತ್ರ ಇದ್ದಲ್ಲೇ ಇರಲಿ.